ಎಡಗಿವಿಯ ತಿರುಪು

ತೂಬಗೆರೆ ಸುತ್ತಿನ ಹತ್ತು ಹಳ್ಳಿಯ ಹೆಂಗಸರೆಲ್ಲ ನನಗೆ ಕಿವಿಯಿಂದಲೇ ಗುರುತು. ನಗಬೇಡಿ, ನಿಜ. ನನ್ನ ಗಂಡ ಚಿನ್ನಸ್ವಾಮಿ ಆಚಾರಿ ಒಡವೆ ಮಾಡುತ್ತಾರೆ, ಅದನ್ನು ಕಿವಿಗೆ ಏರಿಸುವವಳು ನಾನು, ವರಲಕ್ಷ್ಮಮ್ಮ. ಪರಗಂಡಸು ಹೆಂಗಸರ ಕಿವಿ ಮುಟ್ಟಬಾರದು ಅಂತ ನಮ್ಮತ್ತೆಯ ಕಾಲದಿಂದ ನಮ್ಮ ಮನೆಯಲ್ಲಿ ಹೀಗೇ ನಡೆದು ಬಂದಿದೆ.

ಓಲೆ ಕಿವಿಯ ಹಾಲೆಗೆ ಅಂಟಿ ಕೂರಬೇಕು, ಜುಮುಕಿ ಅದರ ಕೆಳಗೆ ತೂಗಬೇಕು. ಭಾರ ಹೆಚ್ಚಾದರೆ ಮಾಟಿ ಹಾಕಿ ಅದರ ಸರಪಣಿಯನ್ನು ಕೂದಲಿಗೆ ಸಿಕ್ಕಿಸಬೇಕು, ಇಲ್ಲದಿದ್ದರೆ ನಲವತ್ತು ದಾಟುವುದರೊಳಗೆ ತೂತು ಸೀಳಾಗಿ ಜೋತುಬೀಳುತ್ತದೆ. ಕಿವಿಯ ಮೇಲಂಚಿಗೆ ಹಾಕುವ ಬುಗುಡಿ ಈಗ ಮುದುಕಿಯರ ಪಾಲು. ಈಗಿನ ಹುಡುಗಿಯರಿಗೋ ದೊಡ್ಡಬಳ್ಳಾಪುರದ ಪೇಟೆಯ ರಿಂಗೇ ಆಗಬೇಕು. ಕಿವಿ ಕೀವು ಕಟ್ಟಿದ ಮೇಲೆ ಅಳುತ್ತಾ ನನ್ನ ಹತ್ತಿರವೇ ಬರುತ್ತಾರೆ. ಬೈಯುತ್ತೇನೆ, ಆಮೇಲೆ ಬೇವಿನ ಕಡ್ಡಿ ಸಿಕ್ಕಿಸಿ ಕಳಿಸುತ್ತೇನೆ. ಬೈಯುವುದಕ್ಕೆ ನನಗೆ ಯಾವತ್ತೂ ಹೆದರಿಕೆ ಇರಲಿಲ್ಲ. ಬಾಯಿ ತೆಗೆಯಲೇಬೇಕಾದ ಒಂದು ದಿನ ಮಾತ್ರ ತೆಗೆಯಲಿಲ್ಲ.

ತೊಂಬತ್ತೊಂದರಲ್ಲಿ ಪಕ್ಕದ ಹಳ್ಳಿಯ ಮುನಿಗಂಗಮ್ಮ ಮಗಳು ಸಪ್ಪಲಮ್ಮನನ್ನು ಕರೆದುಕೊಂಡು ನಮ್ಮ ಜಗುಲಿಗೆ ಬಂದಳು. ಆ ಹುಡುಗಿಗೆ ಕಿವಿ ಚುಚ್ಚಿದ್ದೂ ನಾನೇ. ನಮ್ಮೂರ ದೊಡ್ಡಮುನಿಯಪ್ಪನ ಮಗ ರವಿಚಂದ್ರನಿಗೆ ಅವಳನ್ನು ಗೊತ್ತು ಮಾಡಿದ್ದರು. ಗಂಡಿನ ಕಡೆಯವರು ಚಿನ್ನ ಕೊಟ್ಟು ಜುಮುಕಿ ಓಲೆ ಮಾಡಲು ಹೇಳಿದ್ದರು.

"ಆಚಾರಮ್ಮ, ಇವಳ ಕೈ ಸುಮ್ನಿರಲ್ಲ" ಅಂದಳು ಮುನಿಗಂಗಮ್ಮ. "ಮಾತಾಡ್ತಾ ಮಾತಾಡ್ತಾ ಎಡಗಿವಿ ತಿರುಪು ತಿರುಗಿಸ್ತಾ ಕೂತಿರ್ತಾಳೆ. ಈಗಾಗ್ಲೇ ಎರಡು ಓಲೆ ಬೀಳಿಸ್ಕೊಂಡವ್ಳೆ. ಇದು ಗಂಡನ ಮನೆ ಚಿನ್ನ. ಕಳ್ಕೊಂಡ್ರೆ ಸುಮ್ನೆ ಬಿಡ್ತಾರಾ?"

ಅವಳು ಹೇಳುತ್ತಿದ್ದಾಗಲೇ ಹುಡುಗಿಯ ಹೆಬ್ಬೆರಳು ಎಡಗಿವಿಯ ಹಿಂದೆ ಆಡುತ್ತಿತ್ತು. ನಾನು ಕೈಗೆ ಒಂದು ಏಟು ಕೊಟ್ಟೆ. ಅವಳು ಕಿಸಕ್ಕನೆ ನಕ್ಕಳು.

ನಮ್ಮೆಜಮಾನರು ಒಂದು ಉಪಾಯ ಮಾಡಿದರು. ಬಲಗಿವಿಯ ತಿರುಪನ್ನು ಎಲ್ಲರದರ ಹಾಗೆ ಮಾಡಿ, ಎಡಗಿವಿಯದರ ಮರೆಯನ್ನು, ಅಂದರೆ ತಿರುಪಿನ ಸುತ್ತುಗೆರೆಯನ್ನು, ಮಾತ್ರ ಉಲ್ಟಾ ಕೊರೆದರು. ಅವಳು ಬಿಚ್ಚುವ ಕಡೆಗೆ ತಿರುಗಿಸಿದಷ್ಟೂ ಅದು ಬಿಗಿಯಾಗಬೇಕು. ಯಾವ ಕಡೆ ತಿರುಗಿಸಿದರೆ ಬರುತ್ತದೆ ಎಂದು ತಾಯಿಗೂ ಮಗಳಿಗೂ ತೋರಿಸಿಕೊಟ್ಟೆ. ಸೊಸೆ ಒಡವೆ ಕಳೆಯುವವಳು ಎಂಬ ಹೆಸರು ಮೊದಲ ದಿನವೇ ಬೇಡವೆಂದು ಗಂಡಿನ ಮನೆಗೆ ಹೇಳಲಿಲ್ಲ. ಅದು ನಾಲ್ಕು ಜನರೊಳಗೆ ಉಳಿಯಿತು.

ಮದುವೆಯಾದ ಮೇಲೆ, ಶ್ರಾವಣದಲ್ಲಿ, ಸಪ್ಪಲಮ್ಮ ಒಬ್ಬಳೇ ಬಂದಳು. ಎಡಗಿವಿ ಊದಿಕೊಂಡಿತ್ತು, ದವಡೆಯವರೆಗೆ ನೀಲಿಗಟ್ಟಿತ್ತು. "ಏನಾಯ್ತೇ?" ಅಂದೆ. "ಬಾಗಿಲು ತಗುಲ್ತು" ಅಂದಳು. ಬಾಗಿಲಿಗೆ ಐದು ಬೆರಳಿರುತ್ತವೆಯೇ? ತಿರುಪನ್ನು ತಾನೇ ಸರಿಯಾದ ಕಡೆಗೆ ತಿರುಗಿಸಿ ಓಲೆ ಬಿಚ್ಚಿ ಕೊಟ್ಟಳು. ಕೊಬ್ಬರಿ ಎಣ್ಣೆ ಸವರಿ ಮತ್ತೆ ಹಾಕಿದೆ.

"ಅಮ್ಮಂಗೆ ಹೇಳ್ಬೇಡಿ ಆಚಾರಮ್ಮ."

ಹೇಳಲಿಲ್ಲ. ಅದೂ ನನ್ನ ತಲೆಯ ಮೇಲಿದೆ.

ಕಾರ್ತಿಕದಲ್ಲಿ, ಒಂದು ಬುಧವಾರ ಬೆಳಗ್ಗೆ, ಅವಳ ಹೆಣ ದೊಡ್ಡಮುನಿಯಪ್ಪನ ತೋಟದ ಬಾವಿಯಲ್ಲಿ ಸಿಕ್ಕಿತು. ಗಂಡನೊಂದಿಗೆ ಒಂದು ಮಾತು ಬಂತಂತೆ, ಓಲೆಯನ್ನು ತಾನೇ ಬಿಚ್ಚಿ ದೇವರ ಗೂಡಿನಲ್ಲಿ ಇಟ್ಟು ಹೋಗಿ ಬಿದ್ದಳಂತೆ. ಎಡಗಿವಿಯ ಹಾಲೆ ಹರಿದಿತ್ತು. ಬಾವಿಯ ಕಲ್ಲು ತಗುಲಿದ್ದು ಅಂದರು. ಎಲ್ಲರೂ ತಲೆಯಾಡಿಸಿದರು.

ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ದೊಡ್ಡಮುನಿಯಪ್ಪನ ಜಗುಲಿಯಲ್ಲಿ ಊರಿನವರು ಸೇರಿದರು. ಮುನಿಗಂಗಮ್ಮ ನನಗೆ ಹೇಳಿಕಳಿಸಿದ್ದಳು. ಅವಳ ಕಣ್ಣಿನಲ್ಲಿ ಒಂದು ಹನಿ ನೀರಿರಲಿಲ್ಲ.

"ಆ ಓಲೆ ತರ್ಸಿ" ಅಂದಳು. "ನನ್ನ ಮಗಳು ತಾನೇ ಬಿಚ್ಚಿದ್ದಾ ಇಲ್ವಾ ಅನ್ನೋದು ಓಲೆ ನೋಡಿದ್ರೆ ಗೊತ್ತಾಗುತ್ತೆ. ನಾನು ಹೇಳಿದ್ರೆ ಹೆತ್ತೋಳ ಸಂಕಟ ಅಂತೀರ. ಆಚಾರಮ್ಮ ಹೇಳ್ಲಿ. ಅವರು ಹೇಳಿದಂಗೆ ಆಗ್ಲಿ."

ರವಿಚಂದ್ರ ಒಳಗಿನಿಂದ ತಂದು ನನ್ನ ಅಂಗೈಗೆ ಹಾಕಿದ. ಬಲಗಿವಿಯ ತಿರುಪು ಹೊಸದರ ಹಾಗೇ ಇತ್ತು. ಎಡಗಿವಿಯದರ ಮೇಲೆ ಇಕ್ಕಳದ ಹಲ್ಲು ಎದ್ದು ಕಾಣುತ್ತಿತ್ತು. ಗೊತ್ತಿಲ್ಲದವರು ಬಿಚ್ಚಲು ತಿರುಗಿಸಿದ್ದಾರೆ, ಅದು ಇನ್ನೂ ಕಚ್ಚಿಕೊಂಡಿದೆ, ಇಕ್ಕಳ ಹಾಕಿ ಎಳೆದಿದ್ದಾರೆ. ಮರೆಯೆಲ್ಲ ಕಿತ್ತುಹೋಗಿತ್ತು. ಸಂದಿಯಲ್ಲಿ ಕಪ್ಪಗೆ ಒಣಗಿದ್ದು ಏನೆಂದು ನನಗೆ ಗೊತ್ತು. ಅಯ್ಯೋ, ಆ ಕಂದನ ಕಿವಿ! ಎಣ್ಣೆ ಹಚ್ಚಿ ನಾನು ಹೂವಿನ ಹಾಗೆ ಮುಟ್ಟಿದ್ದ ಕಿವಿ.

ನಾನು ತಲೆಯೆತ್ತಿದೆ. ದೊಡ್ಡಮುನಿಯಪ್ಪ ನನ್ನನ್ನೇ ನೋಡುತ್ತಿದ್ದ. ನಾವಿದ್ದ ಮನೆ ಅವನದು, ನಮ್ಮ ಕುಲುಮೆ ಇದ್ದ ಜಾಗವೂ ಅವನದು.

"ನೋಡಿ ಹೇಳಿ ವರಲಕ್ಷ್ಮಮ್ಮ, ಏನಿದ್ರೂ ಹೇಳಿ" ಅಂದ, ತುಂಬ ಮೆತ್ತಗೆ. "ಹಂಗೇ, ನಿಮ್ಮನೆ ಹಂಚು ಸೋರ್ತಾ ಇದೆ ಅಂತಿದ್ರಲ್ಲ, ಬೇಸಿಗೇಲಿ ಹೊಸದು ಹಾಕ್ಸಿ ಕೊಡ್ತೀನಿ."

ಬಡವರ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನನಗೆ ಕೋಪ ಬಂದಿರಲಿಲ್ಲ, ಹೆದರಿಕೆ ಬಂದಿತ್ತು. ಈ ವಯಸ್ಸಿನಲ್ಲಿ ಕುಲುಮೆ ಹೊತ್ತುಕೊಂಡು ಯಾವ ಊರಿಗೆ ಹೋಗುವುದು ಅನ್ನುವುದೊಂದೇ ತಲೆಯಲ್ಲಿತ್ತು. ಮೂಲೆಯಲ್ಲಿ ನಿಂತಿದ್ದ ನಮ್ಮೆಜಮಾನರು ನೆಲ ನೋಡುತ್ತಿದ್ದರು.

"ತಿರುಪು ಸವೆದಿದೆ" ಅಂದೆ. "ಹಳೇದಾದ್ರೆ ಹಂಗೇ ಆಗುತ್ತೆ."

ಅದನ್ನು ಮಾಡಿ ಒಂದು ವರ್ಷ ಆಗಿರಲಿಲ್ಲ. ನನ್ನ ಬಾಯಿಗೆ ಮಣ್ಣು ಹಾಕ!

ಮುನಿಗಂಗಮ್ಮ ಕೂಗಾಡುತ್ತಾಳೆ, ಶಾಪ ಹಾಕುತ್ತಾಳೆ ಅಂದುಕೊಂಡಿದ್ದೆ. ಅವಳು ಹತ್ತಿರ ಬಂದು ನನ್ನ ಕೈಯನ್ನು ನೋಡಿದಳು. "ನೀವೇ ಅಲ್ವಾ ಆಚಾರಮ್ಮ ಅವಳ ಕಿವಿ ಚುಚ್ಚಿದ್ದು" ಅಂದಳು. ಆಮೇಲೆ ಸೆರಗು ಹೊದ್ದು ಮೆಟ್ಟಿಲಿಳಿದು ಹೋದಳು. ಅವಳು ನಮ್ಮ ಬೀದಿಗೆ ಮತ್ತೆ ಕಾಲಿಡಲಿಲ್ಲ.

ಬೇಸಿಗೆಯಲ್ಲಿ ಹಂಚು ಬಂತು. ಅದರ ಕೆಳಗೆ ಮಲಗಿದ್ದೇವೆ, ಉಂಡಿದ್ದೇವೆ, ಸೋರಲಿಲ್ಲ.

ಮುಂದಿನ ಮಾಘದಲ್ಲಿ ದೊಡ್ಡಮುನಿಯಪ್ಪ ಅದೇ ಜುಮುಕಿ ಓಲೆಯನ್ನು ತಂದ. ರವಿಚಂದ್ರನಿಗೆ ಚನ್ನರಾಯಪಟ್ಟಣದ ಕಡೆಯ ಹುಡುಗಿ ಗೊತ್ತಾಗಿತ್ತು. "ಇದರ ತಿರುಪು ಹೋಗಿದೆ. ಹೊಸದು ಹಾಕಿ, ಮೆರುಗು ಕೊಟ್ಬಿಡಿ" ಅಂದು ಹೋದ.

"ನೆಟ್ಟಗೇ ಕೊರೀಲಾ?" ಅಂತ ನಮ್ಮೆಜಮಾನರು ಕೇಳಿದರು.

"ಬೇಡ, ಉಲ್ಟಾನೇ ಇರ್ಲಿ."

ಅವರು ನನ್ನ ಮುಖ ನೋಡಿ ಅರ ಕೈಗೆತ್ತಿಕೊಂಡರು. ಇನ್ನೊಂದು ಸಲ ಯಾರಾದರೂ ಓಲೆಯನ್ನು ನನ್ನ ಅಂಗೈಗೆ ಹಾಕಿದರೆ ಆಗ ಹೇಳಿಯೇ ಬಿಡುತ್ತೇನೆ ಅಂದುಕೊಂಡೆ. ಆ ಹುಡುಗಿ ಇನ್ನೂ ಹಸೆಮಣೆಯನ್ನೇ ಏರಿಲ್ಲ, ನಾನಾಗಲೇ ಅವಳ ಸಾವಿಗೆ ಸಾಕ್ಷಿ ಮಾಡಿಸುತ್ತಿದ್ದೆ.

ಹುಡುಗಿ ಬಂದು ನನ್ನ ಮುಂದೆ ಕೂತಳು. ಹದಿನೆಂಟು ತುಂಬಿತ್ತೋ ಇಲ್ಲವೋ. ಪುಟ್ಟ ಕಿವಿ, ಹಾಲೆ ತೆಳ್ಳಗಿತ್ತು. ಎಣ್ಣೆ ಸವರಿ ಓಲೆ ಏರಿಸಿದೆ, ಎಡಗಿವಿಯ ತಿರುಪನ್ನು ಅವಳ ಬೆರಳಿಗೇ ಕೊಟ್ಟು ತಿರುಗಿಸಿ ತೋರಿಸಿದೆ. "ಇದು ಈ ಕಡೆ ಬಿಚ್ಚುತ್ತೆ. ನೆನಪಿಟ್ಕೋ, ಆ ಮನೇಲಿ ಯಾರಿಗೂ ಹೇಳ್ಬೇಡ."

"ಯಾಕಮ್ಮ?"

ಆ ಮನೆಗೆ ಹೋಗಬೇಡ ಕಣೇ ಅನ್ನಬೇಕಿತ್ತು. ಅವಳ ತಾಯಿ ಅಲ್ಲೇ ಬಾಗಿಲಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದಳು, ಕೂಗಿದರೆ ಕೇಳುವಷ್ಟು ಹತ್ತಿರ. ನಾಲಿಗೆಯ ತುದಿಗೆ ಬಂತು. ತಲೆಯ ಮೇಲಿನ ಹಂಚು ನೋಡಿದೆ.

"ಕಳ್ದೋಗ್ಬಾರ್ದು ಅಂತ" ಅಂದೆ.

ಹುಡುಗಿ ಕನ್ನಡಿ ಹಿಡಿದು ತಲೆಯನ್ನು ಆ ಕಡೆ ಈ ಕಡೆ ಆಡಿಸಿದಳು. ಜುಮುಕಿ ತೂಗಿದವು. ಅವಳ ಮುಖದಲ್ಲಿ ಎಷ್ಟು ಖುಷಿ!

"ತುಂಬ ಚೆನ್ನಾಗಿದೆ ಆಚಾರಮ್ಮ. ಹೊಸದಾಗಿ ಮಾಡ್ಸಿದ್ದಾ?"

"ಹೂಂ ಕಣಮ್ಮ" ಅಂದೆ. "ಹೊಸದೇ."