ಮುಹೂರ್ತದ ಸಂಜೆ ಮಾರಿದವಳು

ನನ್ನ ಶಿಶುವಿಹಾರದ ಹೊಸ್ತಿಲಾಚೆ ದಿನವೂ ಪುಟ್ಟ ಪುಟ್ಟ ಚಪ್ಪಲಿಗಳ ಸಂತೆ ನೆರೆಯುತ್ತಿತ್ತು. ಎಡದ್ದು ಒಂದು ಕಡೆ, ಬಲದ್ದು ಇನ್ನೊಂದು ಕಡೆ. ಮಧ್ಯಾಹ್ನ ಅವನ್ನೆಲ್ಲ ಜೋಡಿ ಮಾಡಿ ಮಕ್ಕಳ ಕಾಲಿಗೆ ತೊಡಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಆದರೂ ಆ ಚಪ್ಪಲಿಗಳಿಲ್ಲದ ಭಾನುವಾರ ನನಗೆ ಸಪ್ಪೆ ಎನಿಸುತ್ತಿತ್ತು.

ಶಿಶುವಿಹಾರ ಇದ್ದದ್ದು ಅಶ್ವತ್ಥಪ್ಪನವರ ಬಾಡಿಗೆ ಕಟ್ಟಡದಲ್ಲಿ. ಆ ವರ್ಷ ಅವರು ಅದನ್ನು ಮಾರಲು ಹೊರಟರು. "ಬೇರೆಯವರು ಕೇಳ್ತಿದಾರೆ ಟೀಚರಮ್ಮ. ಆದ್ರೂ ಸಂಕ್ರಾಂತಿವರೆಗೂ ನಿಮಗೋಸ್ಕರ ಕಾಯ್ತೀನಿ," ಎಂದರು. ನಮ್ಮ ಬಳಿ ಹಣವಿರಲಿಲ್ಲವೆಂದಲ್ಲ. ಇತ್ತು, ಆದರೆ ಎಲ್ಲವೂ ಷೇರುಗಳಲ್ಲಿತ್ತು. ಅರ್ಧ ನನ್ನ ಹೆಸರಿನಲ್ಲಿ, ಅರ್ಧ ನಮ್ಮ ಯಜಮಾನರ ಹೆಸರಿನಲ್ಲಿ. ಎರಡೂ ಸೇರಿದರೆ ಮಾತ್ರ ಕಟ್ಟಡ ನಮ್ಮದಾಗುತ್ತಿತ್ತು.

ಯಜಮಾನರು ನಿವೃತ್ತರಾದ ಮೇಲೆ ಪದ್ಮರಾಜಯ್ಯನವರ ಷೇರು ಆಫೀಸಿನ ಬೆಂಚನ್ನೇ ಮನೆ ಮಾಡಿಕೊಂಡಿದ್ದರು. ಬೆಲೆಗಳು ಏರುತ್ತಲೇ ಇದ್ದವು. ಮಾರೋಣವೆಂದು ನಾನು ಬಾಯಿ ತೆರೆದರೆ ಸಾಕು, "ಏರೋ ಹೊತ್ತಲ್ಲಿ ಯಾರಾದ್ರೂ ಮಾರ್ತಾರೇನೇ? ಇನ್ನೊಂದು ಸ್ವಲ್ಪ ತಾಳು, ಪಕ್ಕದ ಸೈಟೂ ನಿಂದೇ," ಎನ್ನುತ್ತಿದ್ದರು. ಪಕ್ಕದ ಸೈಟನ್ನು ಕೇಳಿದವರು ಯಾರು?

ಹೀಗಿರುವಾಗ ನೆಂಟರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರು ಪ್ರಸಾದದ ಜೊತೆಗೆ ಒಂದು ಕಂಪನಿಯ ಹೆಸರನ್ನೂ ದಯಪಾಲಿಸಿದರು. "ಕಣ್ಣು ಮುಚ್ಕೊಂಡು ತಗೊಳ್ಳಿ, ಬೀಳೋ ಮಾತೇ ಇಲ್ಲ." ಪುರೋಹಿತರ ಬಾಯಲ್ಲೂ ಷೇರಿನ ಮಾತೇ ಆದರೆ ಈ ಏರಿಕೆ ಇನ್ನೆಷ್ಟು ದಿನ ನಿಂತೀತು ಎಂದು ನನಗೆ ದಿಗಿಲಾಯಿತು. ಷೇರಿನ ಗಂಧಗಾಳಿಯೂ ಇಲ್ಲದವಳು ನಾನು. ಪೇಟೆ ಯಾವಾಗ ಬೀಳುತ್ತದೆಂದು ನನಗೇನು ಗೊತ್ತು? ಬಿದ್ದರೆ ನನ್ನ ಮಕ್ಕಳು ಎಲ್ಲಿ ಕೂರಬೇಕು ಎಂಬುದಷ್ಟೇ ನನ್ನ ಚಿಂತೆಯಾಗಿತ್ತು.

ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಷೇರುಪೇಟೆ ಸ್ವಲ್ಪ ಹೊತ್ತು ತೆರೆಯುತ್ತಿತ್ತು. ಮುಹೂರ್ತದ ವ್ಯಾಪಾರವೆಂದು ಅದಕ್ಕೆ ಹೆಸರು. ಹೆಂಗಸರು ಪದ್ಮರಾಜಯ್ಯನವರ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದದ್ದು ಅದೊಂದೇ ಸಂಜೆ. ಅಂದು ಎಲ್ಲರೂ ಶಾಸ್ತ್ರಕ್ಕೆ ಒಂದಾದರೂ ಷೇರು ಕೊಳ್ಳಬೇಕು. ಮಾರುವುದೆಂದರೆ ಲಕ್ಷ್ಮಿಯನ್ನು ಕೈಹಿಡಿದು ಹೊರಗೆ ಕಳಿಸಿದಂತೆ ಎಂದು ಅಲ್ಲಿಯವರ ನಂಬಿಕೆ. ನಾನೂ ರೇಷ್ಮೆ ಸೀರೆಯುಟ್ಟು, ಯಜಮಾನರ ಹಿಂದೆಯೇ ಹೋದೆ.

"ಬನ್ನಿ ತಾಯಿ, ನಿಮ್ಮ ಕೈಯಿಂದ್ಲೇ ಬೋಣಿ ಆಗ್ಲಿ. ಏನು ತಗೊಳ್ಳೋಣ?" ಎಂದರು ಪದ್ಮರಾಜಯ್ಯ.

"ತಗೊಳ್ಳೋದೇನಿಲ್ಲ. ನನ್ನ ಹೆಸರಲ್ಲಿರೋದನ್ನ ಅಷ್ಟೂ ಮಾರ್ಬಿಡಿ."

ಪೇಡಾ ಅಗಿಯುತ್ತಿದ್ದವರ ಬಾಯಿಗಳು ಹಾಗೇ ನಿಂತವು.

"ಅಯ್ಯೋ, ಬಿಡ್ತು ಅನ್ನಿ! ಇವತ್ತು ಮಾರ್ತಾರೇನಮ್ಮಾ? ಹಬ್ಬ ಕಳೀಲಿ."

"ಆಮೇಲೆ, ಆಮೇಲೆ ಅಂತ ಮನೇಲಿ ಕೇಳಿ ಕೇಳಿ ಸಾಕಾಗಿದೆ. ಲಕ್ಷ್ಮಿ ಎಲ್ಲಿಗೂ ಹೋಗಲ್ಲ, ನನ್ನ ಶಿಶುವಿಹಾರಕ್ಕೇ ಬರ್ತಾಳೆ. ನೀವು ಮಾರಿ."

ಯಜಮಾನರ ಮುಖ ಇಂಗು ತಿಂದ ಮಂಗನಂತಾಗಿತ್ತು. ಮನೆಗೆ ಬಂದವರೇ, "ಎಲ್ಲರೆದುರು ನನ್ನ ಮಾನ ಕಳೆದ್ಯಲ್ಲ! ನನ್ನ ಪಾಲು ನಾನು ಮಾರಲ್ಲ, ಅದೇನು ಮಾಡ್ಕೋತೀಯೋ ಮಾಡ್ಕೋ," ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ನನಗಂತೂ ಎಷ್ಟೋ ತಿಂಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಕಾರ್ತಿಕ ಮುಗಿಯುವ ಮೊದಲೇ ಪೇಟೆ ಧೊಪ್ಪನೆ ಬಿತ್ತು. ಬೆಂಚಿನವರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾರೆಂಬ ಸುದ್ದಿ ಬಂತು. ಯಜಮಾನರೂ ದಿನಾ ಜೋಲುಮುಖ ಹೊತ್ತು ಮನೆಗೆ ಬರುತ್ತಿದ್ದರು. ಅವರನ್ನು ಚುಚ್ಚಲು ನನಗೆ ಮನಸ್ಸಾಗಲಿಲ್ಲ. ಆದರೆ ನನ್ನ ಅರ್ಧ ಪಾಲಿಗೆ ಯಾರು ಕಟ್ಟಡ ಕೊಡುತ್ತಾರೆ? ಒಂದು ಮಧ್ಯಾಹ್ನ ಚಪ್ಪಲಿ ತೊಡಿಸುತ್ತ, ಬೇರೆ ಕಡೆ ನೋಡಿಕೊಳ್ಳಿ ಎಂದು ಮಕ್ಕಳ ತಾಯಂದಿರಿಗೆ ಹೇಳಿದೆ. ಹೇಳುವಾಗ ಅಳು ಉಕ್ಕಿ ಬಂತು.

ಸಂಕ್ರಾಂತಿಯ ಬೆಳಿಗ್ಗೆ ನಾನು ಎಳ್ಳುಬೆಲ್ಲದ ತಟ್ಟೆ ಜೋಡಿಸುತ್ತಿದ್ದೆ. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಂತರು.

"ನಡಿ, ಅಶ್ವತ್ಥಪ್ಪನೋರ ಮನೆಗೆ ಎಳ್ಳು ಬೀರಿ, ಹಾಗೇ ಮುಂಗಡ ಕೊಟ್ಟು ಮಾತು ಮುಗಿಸ್ಕೊಂಡು ಬರೋಣ."

"ಯಾವ ದುಡ್ಡಲ್ಲಿ ರೀ?"

"ನಿಂದು ಇದೆ, ನಂದೂ ಇದೆ." ಅವರು ನೆಲ ನೋಡುತ್ತ ಹೇಳಿದರು. "ಹಬ್ಬದ ರಜ ಮುಗಿದು ಆಫೀಸು ತೆಗೆದ ದಿನಾನೇ ಮಾರ್ಬಿಟ್ಟೆ ಕಣೇ. ಅವತ್ತು ಮಾರಿ ಬಂದು ನೀನು ಗೊರಕೆ ಹೊಡ್ಕೊಂಡು ಮಲಗಿದ್ದೆ. ನಾನು ಬೆಳಗಾಗೋವರೆಗೂ ಸೂರು ನೋಡ್ತಿದ್ದೆ. ಯಾರದ್ದು ಸರಿ ಅಂತ ಆಗ್ಲೇ ಗೊತ್ತಾಯ್ತು."

"ಮತ್ತೆ ಆ ಜೋಲುಮುಖ?"

"ಜೊತೆಯವರೆಲ್ಲ ಕಳ್ಕೊಂಡು ಕೂತಿರುವಾಗ, ನಾನು ಹೆಂಡ್ತಿ ಮಾತು ಕೇಳಿ ಉಳ್ಕೊಂಡೆ ಅಂತ ಹೇಗೆ ಹೇಳ್ಲಿ? ಅವರ ಜೊತೆ ನಾನೂ ತಲೆ ಮೇಲೆ ಕೈ ಹೊತ್ತೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು."

"ನನಗಾದ್ರೂ ಹೇಳ್ಬಾರದಿತ್ತೇನ್ರೀ? ತಾಯಂದಿರಿಗೆಲ್ಲ ಬೇರೆ ಕಡೆ ನೋಡ್ಕೊಳ್ಳಿ ಅಂದ್ಬಿಟ್ಟೆನಲ್ಲ!"

"ಹೇಳಿದ್ರೆ, ನೋಡಿದ್ರಾ ನಾನೇ ಗೆದ್ದೆ ಅಂತಿದ್ದೆ."

"ನೋಡಿದ್ರಾ, ನಾನೇ ಗೆದ್ದೆ!" ಎಂದೆ. ಅಳುತ್ತಲೇ ಅಂದೆ. ಎಳ್ಳುಬೆಲ್ಲ ಅರ್ಧ ನೆಲಕ್ಕೆ ಚೆಲ್ಲಿತ್ತು, ನಗು ತಡೆಯಲಾಗುತ್ತಿರಲಿಲ್ಲ.

ಹಬ್ಬ ಕಳೆದು ಶಿಶುವಿಹಾರ ತೆರೆಯಿತು. ಕಟ್ಟಡ ನಮ್ಮದೇ ಆಗುತ್ತದೆಂದು ತಾಯಂದಿರಿಗೆ ಹೇಳಿಕಳಿಸಿದ್ದೆ, ಮಕ್ಕಳೆಲ್ಲ ಬಂದರು. ಬೆಂಚಿನ ಸಹವಾಸ ಬಿಟ್ಟ ಯಜಮಾನರು ಅಂದು ನನಗಿಂತ ಮೊದಲೇ ಅಲ್ಲಿಗೆ ಬಂದಿದ್ದರು. ಮಧ್ಯಾಹ್ನ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊಸ್ತಿಲು ದಾಟಿದರೆ, ಪುಟ್ಟ ಚಪ್ಪಲಿಗಳೆಲ್ಲ ಆಗಲೇ ಜೋಡಿಜೋಡಿಯಾಗಿ ಸಾಲಾಗಿ ಕುಳಿತಿದ್ದವು. ಸಾಲಿನ ಕೊನೆಯಲ್ಲಿ ಹಿಮ್ಮಡಿ ಸವೆದ ಒಂದು ಜೊತೆ ದೊಡ್ಡ ಚಪ್ಪಲಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.