ಹಲಸಿನ ಮರದಡಿಯ ಮತ

ಸುಂಬಿಂಗ್ ಬೆಟ್ಟದ ಇಳಿಜಾರಿನ ವಾತುಲಂಬುರಿನಲ್ಲಿ ಹೊಗೆಸೊಪ್ಪು ಬೆಳೆಯದವನನ್ನು ರೈತನೆಂದಾಗಲಿ, ಸೇದದವನನ್ನು ಗಂಡಸೆಂದಾಗಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಂಥ ಊರಿನ ಮುಖ್ಯಸ್ಥ ಮರ್ದಿಕುನ್, ಗ್ರಾಮ ಕಚೇರಿಯ ಗೋಡೆಗೆ 'ಇಲ್ಲಿ ಸೇದಬಾರದು' ಎಂಬ ಬೋರ್ಡನ್ನು ತನ್ನ ಕೈಯಾರೆ ಹೊಡೆಯಬೇಕಾಗಿ ಬಂತು. ಮೊಳೆ ಬಡಿಯುವಾಗಲೂ ಅವನ ತುಟಿಯಲ್ಲಿ ಲವಂಗದ ಸಿಗರೇಟು ಚಟಚಟ ಎನ್ನುತ್ತಿತ್ತು.

ಜಗತ್ತಿನ ದೇಶಗಳೆಲ್ಲ ತಂಬಾಕಿನ ಮೇಲೆ ಮಾಡಿಕೊಂಡ ಒಪ್ಪಂದಕ್ಕೆ ಜಕಾರ್ತದ ದೊಡ್ಡವರು ಇನ್ನೂ ಸೇರಿರಲಿಲ್ಲ. ಆದರೆ ಜಿಲ್ಲೆಯವರು ತಮ್ಮದೇ ಒಂದು ಕಾನೂನು ಮಾಡಿ, ಶಾಲೆ, ಆಸ್ಪತ್ರೆ, ಮಸೀದಿ, ಸರ್ಕಾರಿ ಕಚೇರಿಗಳ ಸೂರಿನಡಿ ಯಾರೂ ಸೇದಕೂಡದೆಂದು ಅಪ್ಪಣೆ ಹೊರಡಿಸಿಬಿಟ್ಟಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ಹೆರಿಗೆ ನರ್ಸ್ ರೆತ್ನೊಳ ಪಾಲಿಗೆ ಬಂದಿತ್ತು. ಊರಿನ ಅರ್ಧ ಗಂಡಸರನ್ನು, ಹೆಂಡತಿಯ ನೋವಿನ ಹೊತ್ತಿನಲ್ಲಿ ಬಾಗಿಲಾಚೆ ಗೋಳೋ ಎಂದು ಅತ್ತವರನ್ನು, ಅವಳು ಕಣ್ಣಾರೆ ಕಂಡಿದ್ದಳು. ಹಾಗಾಗಿ ಅವಳೆದುರು ಯಾರೂ ದನಿ ಎತ್ತುತ್ತಿರಲಿಲ್ಲ.

ಬೋರ್ಡು ಹೊಡೆದ ವಾರದಲ್ಲೇ ಗ್ರಾಮನಿಧಿಯ ಸಭೆ. ಗಂಡಸರಿಗೆ ಊರಬಾಗಿಲಲ್ಲಿ ಒಂದು ಕಮಾನು ಬೇಕಿತ್ತು; ಅದರ ನೆತ್ತಿಯ ಮೇಲೆ ಸಿಮೆಂಟಿನ ದೊಡ್ಡ ಹೊಗೆಸೊಪ್ಪಿನ ಎಲೆ. ಪಕ್ಕದ ಊರಿನವರು ಕಟ್ಟಿದ ಕಮಾನಿನ ಮೇಲೆ ಬರೀ ಕೋಸುಗಡ್ಡೆ ಇತ್ತು. ಹೆಂಗಸರಿಗೆ ಬೇಕಿದ್ದದ್ದು ಬುಗ್ಗೆಯಿಂದ ಮೇಲಿನ ಕೇರಿಗೆ ನೀರಿನ ಪೈಪು. ಅದನ್ನು ಅವರು ವರ್ಷ ವರ್ಷ ಕೇಳುತ್ತಿದ್ದರು. ವರ್ಷ ವರ್ಷ ಗಂಡಸರ ಕೈಗಳೇ ಹೆಚ್ಚು ಮೇಲೇಳುತ್ತಿದ್ದವು. ಪೈಪಿನ ಪರವಾಗಿ ಮಾತಾಡುವವಳು ಮರ್ದಿಕುನನ ಹೆಂಡತಿ ಸುಮಿಯೆಮ್. ಮನೆಯಲ್ಲಿ ಅವನು ಆ ಮಾತು ಬಂದಾಗಲೆಲ್ಲ ಹೊಲಕ್ಕೆ ಹೋಗಿಬಿಡುತ್ತಿದ್ದ.

ಸಭೆ ಶುರುವಾಗಿ ಟೀ, ಬೇಯಿಸಿದ ಕಡಲೆಕಾಯಿ ಒಂದು ಸುತ್ತು ಆಗುವಷ್ಟರಲ್ಲಿ ಕ್ರೊಮೊ ಅಜ್ಜ ಅಭ್ಯಾಸಬಲದಿಂದ ಕಡ್ಡಿ ಗೀರಿದ. ರೆತ್ನೊ ಬೋರ್ಡಿನ ಕಡೆ ನೋಡಿದಳು ಅಷ್ಟೆ. ಅಜ್ಜ ಎದ್ದು ಜಗುಲಿಗೆ ಹೋದ. ಅವನ ಸಿಗರೇಟಿನ ವಾಸನೆ ಕಿಟಕಿಯಿಂದ ಒಳಗೆ ತೇಲಿ ಬಂದದ್ದೇ ತಡ, ಒಬ್ಬೊಬ್ಬರಿಗೂ ಹೊರಗೆ ಏನೋ ಕೆಲಸ ನೆನಪಾಯಿತು. "ಒಂದ್ ದಮ್ಮು ಎಳ್ಕೊಂಡ್ ಬಂದ್ಬಿಡ್ತೀನಿ ಪಾಕ್" ಎಂದು ಮುಖ್ಯಸ್ಥನನ್ನು ಗೌರವದಿಂದ ಕರೆದು ಹೇಳಿ ಹೋದವರು ಬರಲಿಲ್ಲ.

ಜಗುಲಿಗೂ ಸೂರಿದೆ ಎಂದು ರೆತ್ನೊ ನೆನಪಿಸಿದಳು. ಅವರು ಅಂಗಳಕ್ಕಿಳಿದು ಹಲಸಿನ ಮರದಡಿ ಸೇರಿದರು. ಜಿಟಿಜಿಟಿ ಮಳೆ ಹಿಡಿಯಿತು. ಕಚೇರಿಯಲ್ಲಿದ್ದ ಸೊಪ್ಪು ಮುಚ್ಚುವ ಟಾರ್ಪಾಲು ತಂದು ಕೊಂಬೆಗೆ ಕಟ್ಟಿದರು. ಅದೂ ಕಚೇರಿಯ ಟಾರ್ಪಾಲು, ಅದೂ ಸೂರೇ ಅಲ್ಲವೇ ಎಂದು ಅವಳು ಕಿಟಕಿಯಿಂದ ವಿನಯವಾಗಿ ಕೇಳಿದಳು. ಟಾರ್ಪಾಲು ಬಿಚ್ಚಿದರು. ಸಿಗರೇಟಿನ ಮೇಲೆ ಅಂಗೈ ಮುಚ್ಚಿಕೊಂಡು ನೆನೆಯುತ್ತ ನಿಂತರು, ಆದರೆ ಒಳಗೆ ಮಾತ್ರ ಬರಲಿಲ್ಲ.

ಒಳಗೆ ಉಳಿದ ಗಂಡಸು ಮರ್ದಿಕುನ್ ಒಬ್ಬನೇ. ಅಧ್ಯಕ್ಷ ಎದ್ದು ಹೋಗುವಂತಿಲ್ಲ. ಅವನ ಬೆರಳುಗಳು ಜೇಬಿನೊಳಗಿನ ಪೊಟ್ಟಣವನ್ನು ಸವರುತ್ತಿದ್ದವು, ನಾಲಿಗೆ ಒಣಗಿತ್ತು, ಯಾರು ಏನು ಹೇಳಿದರೂ ಕಿವಿಗೆ ಬೀಳುತ್ತಿರಲಿಲ್ಲ. ಹೊಗೆಯಿಲ್ಲದ ಆ ಕೋಣೆಯಲ್ಲಿ ಕೊನೆಯ ಸಾಲಿನ ಮುಖಗಳು ಮೊದಲ ಸಲ ಸ್ಪಷ್ಟವಾಗಿ ಕಾಣುತ್ತಿದ್ದವು. ಎಲ್ಲವೂ ಅವನನ್ನೇ ನೋಡುತ್ತಿದ್ದವು. ಸುಮಿಯೆಮ್ ಎದ್ದು ನಿಂತು, ಇನ್ನು ಮತಕ್ಕೆ ಹಾಕೋಣ ಎಂದಳು.

ಅವನು ಕಿಟಕಿಯ ಹತ್ತಿರ ಹೋಗಿ ಹೊರಗಿನವರನ್ನು ಕರೆದ. "ಇನ್ನರ್ಧ ಇದೆ ಪಾಕ್, ನೀವು ಶುರು ಹಚ್ಕೊಳಿ" ಎಂಬ ಉತ್ತರ ಬಂತು.

ಶುರು ಮಾಡಿದರೆ ಬೇಗ ಮುಗಿಯುತ್ತದೆ, ಮುಗಿದರೆ ಹೊರಗೆ ಹೋಗಬಹುದು: ಅವನ ತಲೆಯಲ್ಲಿ ಆಗ ಇದ್ದದ್ದು ಅಷ್ಟೇ. ಪೈಪಿಗೆ ಯಾರು ಯಾರು ಎಂದ. ಕೋಣೆಯಲ್ಲಿದ್ದ ಕೈಗಳೆಲ್ಲ ಮೇಲೆದ್ದವು. ಆತುರದಲ್ಲಿ ಅವನ ಕೈಯೂ ಎದ್ದಿತ್ತು. ಮರದ ಸುತ್ತಿಗೆ ಕುಟ್ಟಿದವನೇ ಚಪ್ಪಲಿಯನ್ನೂ ಹಾಕಿಕೊಳ್ಳದೆ ಅಂಗಳಕ್ಕೆ ಓಡಿದ.

ಮೊದಲ ದಮ್ಮು ಎದೆಗಿಳಿದ ಮೇಲೆ ಸುದ್ದಿ ಹೇಳಿದ. ಮರದಡಿ ಗಲಾಟೆಯೋ ಗಲಾಟೆ. ಕಮಾನಿನ ಗತಿಯೇನು, ಎಲೆಯ ಗತಿಯೇನು, ಪಕ್ಕದೂರಿನ ಕೋಸುಗಡ್ಡೆಯ ಮುಂದೆ ಮುಖ ತೋರಿಸುವುದು ಹೇಗೆ ಎಂದು ಎಲ್ಲರೂ ಅವನ ಮೇಲೆ ಮುಗಿಬಿದ್ದರು. ಕೊನೆಗೆ ಕ್ರೊಮೊ ಅಜ್ಜನಿಗೆ ಉಪಾಯ ಹೊಳೆಯಿತು.

"ನಾವೂ ಸಭೆಗೆ ಬಂದೋರೇ ಅಲ್ವೇನಪ್ಪ? ಇಲ್ಲೇ ಕೈ ಎತ್ತುತೀವಿ. ಇದನ್ನೂ ಸೇರಿಸಿ ಎಣಿಸು."

ಎಲ್ಲರೂ ಕೈ ಎತ್ತಿದರು, ಸಿಗರೇಟಿನ ಸಮೇತ. ಅಷ್ಟರಲ್ಲಿ ರೆತ್ನೊ ಕೊಡೆ ಹಿಡಿದು ಮೆಟ್ಟಿಲಿಳಿದು ಬಂದಿದ್ದಳು.

"ಎಣಿಸಿ ಪಾಕ್, ನನ್ನ ಅಡ್ಡಿಯೇನಿಲ್ಲ" ಎಂದಳು. "ಆದ್ರೆ ಸಭೆ ಇಲ್ಲೂ ನಡೀತು ಅಂದ್ರೆ ಈ ಮರದಡಿನೂ ಕಚೇರಿನೇ ಆಗುತ್ತೆ. ಇನ್ನೊಂದ್ ಬೋರ್ಡ್ ಇದೆ, ಮೊಳೆನೂ ಇದೆ. ಇಲ್ಲಿಗೂ ಹೊಡೆದುಬಿಡೋಣ್ವಾ?"

ಮಳೆಹನಿ ಬಿದ್ದು ಯಾರದೋ ಸಿಗರೇಟು ಚುಂಯ್ ಎಂದಿತು. ಕೈಗಳು ಒಂದೊಂದಾಗಿ ಇಳಿದವು. ಅಜ್ಜನದೇ ಎಲ್ಲಕ್ಕಿಂತ ಮೊದಲು.

"ಕಮಾನು ಹೋದ್ರೆ ಹೋಗ್ಲಿ ಬಿಡ್ರೋ. ಮರ ಒಂದಾದ್ರೂ ಉಳೀಲಿ" ಎಂದ ಅವನು.

ಪೈಪು ಬಂತು. ಮೇಲಿನ ಕೇರಿಯ ನಲ್ಲಿಯಲ್ಲಿ ನೀರು ಬಿದ್ದ ದಿನ ಗಂಡಸರೆಲ್ಲ ಹೋಗಿ ಕೈಕಾಲು ತೊಳೆದುಕೊಂಡು, ಇದು ಹಿಂದೆಯೇ ಆಗಬೇಕಿತ್ತು ಎಂದು ತಲೆಯಾಡಿಸಿದರು. ಮುಂದಿನ ಸಭೆಗೆ ಅವರು ಬಾಯಲ್ಲಿ ಶುಂಠಿ ಮಿಠಾಯಿ ಅದುಮಿಕೊಂಡು ಬಂದರು. ಕೊನೆಯವರೆಗೆ ಒಬ್ಬನೂ ಅಲುಗಲಿಲ್ಲ. ಆದರೆ ಅಷ್ಟರಲ್ಲಿ ಹೆಂಗಸರಿಗೆ ಗೆಲುವಿನ ರುಚಿ ಹತ್ತಿತ್ತು. ಅವರು ಮನೆಯಲ್ಲಿ ಯಾವ ಅತ್ತೆಯನ್ನೂ ಬಿಡದೆ ಕರೆತಂದಿದ್ದರು. ಆ ಸಲವೂ ಕಮಾನು ಮತದಲ್ಲಿ ಸೋತಿತು, ಅದಕ್ಕೆ ಹೊಗೆಯ ನೆರವೇ ಬೇಕಾಗಲಿಲ್ಲ.

ವಾತುಲಂಬುರಿನ ಕಚೇರಿಯಲ್ಲಿ ಕಾನೂನು ಚಾಚೂ ತಪ್ಪದೆ ನಡೆಯುತ್ತಿದೆ ಎಂಬ ಸುದ್ದಿ ಬೆಟ್ಟದ ತುಂಬ ಹಬ್ಬಿತು. ಇದು ಹೇಗೆ ಸಾಧ್ಯವಾಯಿತೆಂದು ಕೇಳಲು ಬೇರೆ ಊರುಗಳ ಮುಖ್ಯಸ್ಥರು ಬಂದರು. ಮರ್ದಿಕುನ್ ಅವರನ್ನು ಅಂಗಳದಲ್ಲೇ ನಿಲ್ಲಿಸಿಕೊಂಡು, ಜನರಲ್ಲಿ ಅರಿವು ಮೂಡಿಸಬೇಕು, ನಾಯಕನಾದವನು ಮೊದಲು ತಾನು ನಡೆದು ತೋರಿಸಬೇಕು ಎಂದು ಬಹಳ ಹೊತ್ತು ತಿಳಿಸಿ ಹೇಳಿದ. ನಡುನಡುವೆ ಒಂದು ಸಿಗರೇಟಿನ ತುದಿಯಿಂದ ಇನ್ನೊಂದನ್ನು ಹೊತ್ತಿಸಿಕೊಳ್ಳುತ್ತಿದ್ದ. ಬಂದವರು ತಲೆದೂಗಿ ಕೇಳುತ್ತ, ಅವನಿಂದಲೇ ಬೆಂಕಿ ಇಸಿದುಕೊಂಡರು. ಕಿಟಕಿಯೊಳಗೆ ಸುಮಿಯೆಮ್ ಮತ್ತು ರೆತ್ನೊ ಟೀ ಕುಡಿಯುತ್ತ, ಮುಂದಿನ ವರ್ಷಕ್ಕೆ ಏನು ಕೇಳಬೇಕೆಂದು ಮಾತಾಡಿಕೊಳ್ಳುತ್ತಿದ್ದರು.