ಶನಿವಾರದ ಹಾಜರಿ

ತಮಿಳು ಗಡಿಯ ಮೂಕಂಡಪಲ್ಲಿಯ ಫ್ಯಾಕ್ಟರಿಗಳ ಹಿಂದಿನ ಸಾಲುಮನೆಗಳ ಮಕ್ಕಳಿಗೆ ಪಾಠ ಹೇಳುವ ಸಂಸ್ಥೆಯೊಂದರಲ್ಲಿ ಸಹನಾ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಪ್ರತಿ ಶನಿವಾರ ಬೆಳಿಗ್ಗೆ ಮನೆಮನೆಗೆ ಹೋಗಿ ಅಭ್ಯಾಸದ ಹಾಳೆ ಕೊಡಬೇಕು, ಹೋದ ವಾರದ್ದನ್ನು ಇಸಿದುಕೊಳ್ಳಬೇಕು, ಬಾಗಿಲಲ್ಲೇ ನಿಂತು, ಹಿಂದಿನವರು ಬಿಟ್ಟುಹೋದ ಪುಸ್ತಕದಲ್ಲಿದ್ದ ಹೆಸರು ಕೂಗಿ ಹಾಜರಿ ಹಾಕಬೇಕು. ಹಾಳೆ ಕನ್ನಡದ್ದಾದರೂ ಮಕ್ಕಳು ಓಗೊಡುವುದು ಮಾತ್ರ ಅಲ್ಲಿನ ಶಾಲೆಗಳ ರೂಢಿಯಂತೆ ತಮಿಳಿನಲ್ಲೇ: "ಉಳ್ಳೇನ್ ಟೀಚರ್." ಇದ್ದೀನಿ ಟೀಚರ್, ಅಂತ.

ಕೊನೆಯ ಮನೆ ಕಮಲಮ್ಮನದು. ಬಾಗಿಲಿಗೆ ಹಳೇ ಸೀರೆಯ ಪರದೆ, ಹೊಸ್ತಿಲ ಪಕ್ಕ ಒಂದು ಜೊತೆ ಪುಟ್ಟ ಕೆಂಪು ಚಪ್ಪಲಿ. "ಸಿಂಚನಾ" ಎಂದರೆ ಸಾಕು, ಒಳಗಿನಿಂದ "ಉಳ್ಳೇನ್ ಟೀಚರ್" ಎಂದು ಎಳೆಯ ದನಿ. ಪರದೆಯಡಿಯಿಂದ ಬರೆದು ತುಂಬಿಸಿದ ಹಾಳೆ ಹೊರಗೆ ಜಾರುತ್ತಿತ್ತು. ಇಪ್ಪತ್ತೇಳು ಮನೆ ಸುತ್ತಿ ಕಾಲು ಬಿದ್ದುಹೋದವಳಿಗೆ ಅಷ್ಟೇ ಬೇಕಾಗಿತ್ತು. ಮಗು ಆಚೆ ಬಾರದ್ದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಸಂಸ್ಥೆಯ ದೊಡ್ಡವರಿಗೆ ಪ್ರತಿ ಮಗುವಿನ ಫೋಟೊ ಬೇಕಾಯಿತು. ಅವರ ಕಣ್ಣಿಗೆ ಫೋಟೊ ಇಲ್ಲದ ಮಗು ಮಗುವೇ ಅಲ್ಲ. ಸಿಂಚನಾ ಯಾವಾಗ ಕೈಗೆ ಸಿಗುತ್ತಾಳೆ ಎಂದು ಸಹನಾ ಪಕ್ಕದ ಮನೆಯ ಲಕ್ಷ್ಮಿದೇವಮ್ಮನನ್ನು ಕೇಳಿದಳು.

ಆಕೆ ಮೊರ ಕೆಳಗಿಟ್ಟಳು. "ಕಮಲಮ್ಮನ ಮಗ್ಳಾ? ಹೋದ್ ವರ್ಸ ಜ್ವರ ಬಂದು ಹೋಗ್ಬುಡ್ತಲ್ಲಮ್ಮಾ ಆ ಕೂಸು! ಅವ್ಳೊಬ್ಳೇ ಇರೋದು ಈಗ."

ಸಹನಾಳಿಗೆ ಸಿಟ್ಟು ಬಂತು. ತಾಯಿಯೇ ಮಗುವಿನ ದನಿ ಮಾಡಿ ತನ್ನನ್ನು ಆಟವಾಡಿಸಿದ್ದಾಳೆ! ಸಂಜೆಯೇ ಹಾಜರಿ ಪುಸ್ತಕ ತೆಗೆದು ಹೆಸರಿನ ಮೇಲೆ ಕೆಂಪು ಗೆರೆ ಎಳೆದಳು.

ಮುಂದಿನ ಶನಿವಾರ ಎರಡು ಮಾತು ಹೇಳಿಯೇ ಬರೋಣವೆಂದು ಹೋದಳು. ಅಭ್ಯಾಸಬಲದಿಂದ "ಸಿಂಚನಾ" ಎಂದುಬಿಟ್ಟಳು. ಒಳಗೆ ಸದ್ದಿಲ್ಲ.

ಪರದೆ ಸರಿಯಿತು. ಕಮಲಮ್ಮ ಎದುರಿಗೆ ನಿಂತಿದ್ದಳು, ಕೈಯಲ್ಲೊಂದು ಮೊಂಡು ಪೆನ್ಸಿಲ್ಲು. ಅವಳ ಹಿಂದೆ ಇದ್ದದ್ದೊಂದೇ ಕೋಣೆ, ಅದೂ ಖಾಲಿ.

"ಹೆಸ್ರು ಹೊಡ್ದಾಕ್ಬುಟ್ಯಾ ಟೀಚರ್?"

ಸಹನಾ ಪುಸ್ತಕವಿದ್ದ ಚೀಲವನ್ನು ಎದೆಗೆ ಒತ್ತಿಕೊಂಡಳು.

"ನಾನು ಎಷ್ಟ್ ಕೂಗುದ್ರೂ ಬರ್ತಿರ್ಲಿಲ್ಲ. ಪುಸ್ತಕದಾಗೆ ಹೆಸ್ರೈತೆ ಅಂತ, ನೀನು ಕೂಗಿದ್ರೆ ಬತ್ತಿದ್ಲು. ನಂಗೆ ಅಕ್ಸರ ಬರಲ್ಲ ಟೀಚರ್. ಅವ್ಳು ಹೇಳ್ಕೊಡೋಳು, ನಾನು ಬರೀತಿದ್ದೆ."

ಸಹನಾ ಆ ಮುಖವನ್ನೂ ಮೊಂಡು ಪೆನ್ಸಿಲ್ಲನ್ನೂ ನೋಡಿದಳು. ನಂಬಿದಳೋ ಬಿಟ್ಟಳೋ, ಚೀಲದಿಂದ ಪುಸ್ತಕ ತೆಗೆದು ಕೊನೆಯ ಸಾಲಿನಲ್ಲಿ ಆ ಹೆಸರನ್ನು ಮತ್ತೆ ಬರೆದಳು. ಕೂಗಿದಳು. ಸದ್ದಿಲ್ಲ. ಇನ್ನೊಮ್ಮೆ ಕೂಗಿದಳು. ಕಮಲಮ್ಮ ತುಟಿ ಬಿಗಿಹಿಡಿದು ನಿಂತಿದ್ದಳು. ಆ ತುಟಿಗಳ ಮೇಲೇ ಕಣ್ಣಿಟ್ಟು ಸಹನಾ ಮೂರನೆಯ ಸಲ ಕೂಗಿದಳು.

"ಉಳ್ಳೇನ್ ಟೀಚರ್."

ತುಟಿಗಳು ಅಲುಗಲಿಲ್ಲ. ದನಿ ಬಂದದ್ದು ಸಹನಾಳ ಬೆನ್ನ ಹಿಂದಿನಿಂದ, ಎಲ್ಲಿಂದಲೋ ಓಡಿ ಬಂದ ಮಗುವಿನ ಹಾಗೆ ಏದುಸಿರು ಬಿಡುತ್ತ.

ಕಮಲಮ್ಮ ಸಹನಾಳ ಭುಜದಾಚೆ ನೋಡಿ ಗದರಿದಳು. "ಎಲ್ಲೋಗ್ಬುಟ್ಟಿದ್ದೆ ಮಗಾ, ಚಪ್ಲೀನೂ ಮೆಟ್ಕೊಳ್ದೆ?"

ಸಹನಾ ತಿರುಗಿ ನೋಡಲಿಲ್ಲ. ಹೊಸ ಹಾಳೆಯನ್ನು ಹೊಸ್ತಿಲ ಮೇಲಿಟ್ಟು, ಹಾಜರಿ ಹಾಕಿದಳು.